ಬ್ಯಾಟರಿಗೂ ಡಿಗ್ರಿ ನೋಡಿದ ದಿನ

ಆಲೂರು ತಾಲ್ಲೂಕಿನ ನಮ್ಮೂರ ಹಾಲಿನ ಡೈರಿಯಲ್ಲಿ ನಾನು ಕಾರ್ಯದರ್ಶಿ. ಮೊದಲು ಅಲ್ಲೇ ಟೆಸ್ಟರ್ ಆಗಿದ್ದೆ. ಸಣ್ಣ ಡೈರಿ, ಕೆಲಸ ಹಂಚಿಕೊಳ್ಳೋಕೆ ಜಾಸ್ತಿ ಜನ ಇಲ್ಲ. ಹಾಗಾಗಿ ಈಗಲೂ ಎರಡು ಹೊತ್ತು ಹಾಲು ಪರೀಕ್ಷೆ ಮಾಡುವುದು ನಾನೇ.

ಎರಡು ವರ್ಷದ ಹಿಂದಿನ ಮಾತು. ಪುನರ್ವಸು ಮಳೆ ಮೂರು ದಿನದಿಂದ ಬಿಟ್ಟೂ ಬಿಡದೆ ಹೊಯ್ಯುತ್ತಿತ್ತು. ರಾತ್ರಿ ಎಲ್ಲೋ ಲೈನ್ ಮೇಲೆ ಮರ ಬಿದ್ದು ಊರಿಗೆ ಕರೆಂಟ್ ಇರಲಿಲ್ಲ. ನನಗೆ ಅದರ ಚಿಂತೆಯೂ ಇರಲಿಲ್ಲ. ಡೈರಿಯಲ್ಲಿ ಇನ್ವರ್ಟರ್ ಇದೆ, 150 ಆಂಪಿಯರ್ ಅವರ್‌ನ ಎರಡು ಟ್ಯೂಬುಲರ್ ಬ್ಯಾಟರಿ ಇವೆ. ಹಿಂದಿನ ಸಂಜೆ ಬಾಗಿಲು ಹಾಕುವಾಗ ಹಸಿರು ದೀಪ ಉರಿಯುತ್ತಿತ್ತು. ಹಸಿರು ಅಂದ್ರೆ ಫುಲ್ ಚಾರ್ಜ್, ಅಲ್ವಾ?

ಬೆಳಗ್ಗೆ ಆರಕ್ಕೆ ತೂಕದ ಯಂತ್ರ, ಹಾಲು ಪರೀಕ್ಷೆ ಯಂತ್ರ, ಕಂಪ್ಯೂಟರ್, ಚೀಟಿ ಪ್ರಿಂಟರ್ ಎಲ್ಲಾ ಹಾಕಿದೆ. ಹನ್ನೆರಡೋ ಹದಿಮೂರೋ ಜನರ ಹಾಲು ಅಳೆದಿರಬೇಕು. ಇನ್ವರ್ಟರ್ ಕೀ ಕೀ ಎಂದು ಕೂಗಿತು. ಎರಡು ನಿಮಿಷದಲ್ಲಿ ಎಲ್ಲಾ ಆರಿಹೋಯಿತು. ಗಡಿಯಾರ ನೋಡಿದೆ, 6:22.

ಹೊರಗೆ ಜಗಲಿ ತುಂಬಾ ಜನ. ಕೆಲವರ ತಲೆ ಮೇಲೆ ಗೊಬ್ಬರದ ಚೀಲದ ಕೊಪ್ಪೆ, ಕೆಲವರ ಕೈಯಲ್ಲಿ ಕೊಡೆ. ಎಲ್ಲರ ಕ್ಯಾನಿನಲ್ಲೂ ಬಿಸಿ ಹಾಲು. ಏಳೂವರೆಗೆ ಹಾಲಿನ ಗಾಡಿ ಬರುತ್ತದೆ, ಯಾರಿಗೂ ಕಾಯುವುದಿಲ್ಲ.

ಡೈರಿ ಕೆಲಸ ಗೊತ್ತಿಲ್ಲದವರಿಗೆ ಇದರ ಕಷ್ಟ ಹೇಳಬೇಕು. ನಾವು ಲೀಟರ್ ಲೆಕ್ಕಕ್ಕೆ ಮಾತ್ರ ದುಡ್ಡು ಕೊಡುವುದಿಲ್ಲ. ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ (ಫ್ಯಾಟ್ ಬಿಟ್ಟು ಹಾಲಿನಲ್ಲಿರುವ ಉಳಿದ ಗಟ್ಟಿ ಅಂಶ) ಎಷ್ಟು ಎಂದು ನೋಡಿ ಕೊಡುತ್ತೇವೆ. ಹಾಗಾಗಿ ಪ್ರತಿಯೊಬ್ಬರ ಹಾಲನ್ನೂ ದೊಡ್ಡ ಕ್ಯಾನಿಗೆ ಸುರಿಯುವ ಮೊದಲೇ ಪರೀಕ್ಷೆ ಮಾಡಬೇಕು. ಒಂದು ಸಲ ಕ್ಯಾನಿಗೆ ಸುರಿದರೆ ಮುಗಿಯಿತು. ಯಾರ ಹಾಲು ಗಟ್ಟಿ, ಯಾರದು ತೆಳು ಎಂದು ದೇವರೇ ಬಂದರೂ ಹೇಳೋಕಾಗಲ್ಲ.

ಅವತ್ತು ಹಳೇ ಪದ್ಧತಿಗೆ ಹೋದೆವು. ಅಳತೆ ಪಾತ್ರೆಯಲ್ಲಿ ಅಳೆದು, ಹಾಲು ಗಟ್ಟಿಯೋ ತೆಳುವೋ ಎಂದು ತೋರಿಸುವ ಲ್ಯಾಕ್ಟೋಮೀಟರನ್ನು ಟಾರ್ಚ್ ಬೆಳಕಲ್ಲಿ ಹಾಕಿ ಡಿಗ್ರಿ ಬರೆದುಕೊಂಡೆ. ಫ್ಯಾಟ್ ನೋಡಲು ಪ್ರತಿಯೊಬ್ಬರ ಹಾಲನ್ನೂ ನಂಬರ್ ಅಂಟಿಸಿದ ಬಾಟಲಿಗೆ ಹಿಡಿದಿಟ್ಟೆ. ಗಾಡಿ ಹೋದ ಮೇಲೆ ಬೀರುವಿನಿಂದ ಕೈಯಲ್ಲೇ ಫ್ಯಾಟ್ ನೋಡುವ ಗರ್ಬರ್ ಪರೀಕ್ಷೆಯ ಸಾಮಾನು ತೆಗೆದೆ. 10 ಮಿಲಿ ಸಲ್ಫ್ಯೂರಿಕ್ ಆಸಿಡ್, 10.75 ಮಿಲಿ ಹಾಲು, 1 ಮಿಲಿ ಅಮೈಲ್ ಆಲ್ಕೋಹಾಲ್. ಗಾಜಿನ ನಳಿಕೆ ಮುಚ್ಚಿ, ಅಲುಗಿಸಿ, ಕೈಯಲ್ಲಿ ತಿರುಗಿಸುವ ಯಂತ್ರಕ್ಕೆ ಹಾಕಿ ತಿರುಗಿಸಬೇಕು. ಮುಗಿಯುವ ಹೊತ್ತಿಗೆ ಮಧ್ಯಾಹ್ನ ಆಗಿತ್ತು, ರಟ್ಟೆ ಬಿದ್ದುಹೋಗಿತ್ತು.

ಆಗ ನೋಡಿದರೆ ಎರಡು ಬಾಟಲಿಯ ಚೀಟಿ ಒದ್ದೆಯಾಗಿ ಕಳಚಿಬಿಟ್ಟಿತ್ತು. ಒಂದು, ಒಂದೇ ಹಸು ಸಾಕಿಕೊಂಡು ಬದುಕುವ ಅಜ್ಜಿಯದು. ಹೊತ್ತಿಗೆ ಮೂರು ಲೀಟರ್ ತರುತ್ತಾರೆ. ಹಾಲು ಯಾವಾಗಲೂ ಗಟ್ಟಿ, ಫ್ಯಾಟ್ 4ಕ್ಕಿಂತ ಕೆಳಗೆ ಇಳಿದಿದ್ದು ನಾನು ಕಂಡಿಲ್ಲ. ಹಿಂದಿನ ವಾರದ ಸರಾಸರಿ ಹಾಕಿ ಬರೆದುಕೊಂಡೆ. ಸಂಜೆ ಅವರಿಗೆ ಹೇಳಿದಾಗ, "ಹೋಗ್ಲಿ ಬಿಡವ್ವ, ನೀನೇನು ಬೇಕೂ ಅಂತ ಮಾಡಿದ್ಯಾ" ಅಂದರು. ಅವರು ಜಗಳ ಮಾಡಿದ್ದರೆ ನನಗೆ ಅಷ್ಟು ಬೇಜಾರು ಆಗುತ್ತಿರಲಿಲ್ಲ.

ಮಾರನೇ ದಿನ ಹಾಸನದಿಂದ ಬ್ಯಾಟರಿ ಕೆಲಸದವರನ್ನು ಕರೆಸಿದೆ. ಅಷ್ಟರಲ್ಲಿ ಕರೆಂಟ್ ಬಂದು, ರಾತ್ರಿಯೆಲ್ಲಾ ಚಾರ್ಜ್ ಆಗಿತ್ತು. ವಯಸ್ಸು ಐವತ್ತು ದಾಟಿದ ಮನುಷ್ಯ. ನಾನು ಅಣ್ಣ ಅಂದೆ, ಅವರು ಅಮ್ಮ ಅಂದರು. ಬಂದವರೇ ಬ್ಯಾಟರಿ ಮುಟ್ಟಲಿಲ್ಲ. ಮೊದಲು ಕೋಣೆ ನೋಡಿದರು.

ಬ್ಯಾಟರಿ ಪಕ್ಕ, ಮೇಲೆ, ಎಲ್ಲಾ ಕಡೆ ಹಿಂಡಿ ಮೂಟೆ ಒಟ್ಟಿದ್ದೆವು. ಗೋಡೆಯ ಮೇಲೆ ಸರಿಯಾಗಿ ಅದರ ನೆತ್ತಿಗೇ ದೇವರ ಫೋಟೊ. ಬೆಳಗ್ಗೆ ಹಚ್ಚಿದ ಊದುಬತ್ತಿ ಇನ್ನೂ ಹೊಗೆಯಾಡುತ್ತಿತ್ತು.

"ಅಮ್ಮ, ಮೊದಲು ಆ ದೇವರನ್ನ ಆಚೆ ಗೋಡೆಗೆ ಕರ್ಕೊಂಡು ಹೋಗಿ" ಅಂದರು.

ಬ್ಯಾಟರಿ ಚಾರ್ಜ್ ಆಗುವಾಗ, ಅದರಲ್ಲೂ ತುಂಬುವ ಹೊತ್ತಿಗೆ, ಒಳಗಿನ ನೀರು ಒಡೆದು ಹೈಡ್ರೋಜನ್ ಹೊರಗೆ ಬರುತ್ತದಂತೆ. ಗಾಳಿಯಲ್ಲಿ ಅದು ನೂರಕ್ಕೆ 4 ಪಾಲು ಸೇರಿದರೆ ಸಾಕು, ಒಂದು ಕಿಡಿಗೆ ಹತ್ತಿಕೊಳ್ಳುತ್ತದೆ. ಗಾಳಿ ಆಡುವ ಜಾಗದಲ್ಲಿ ಅದು ಹಾರಿಹೋಗುತ್ತದೆ. ಮೂಟೆಗಳ ಸಂದಿಯಲ್ಲಿ ಹೋಗೋದೆಲ್ಲಿಗೆ? ಐದು ವರ್ಷ ನಾನು ಅದರ ಮೇಲೆ ದಿನಾ ಊದುಬತ್ತಿ ಹಚ್ಚಿದ್ದೆ. ಅದನ್ನು ನೆನೆದರೆ ಈಗಲೂ ಮೈ ಜುಂ ಎನ್ನುತ್ತದೆ. ಮೂಟೆಗಳನ್ನೂ ತೆಗೆಸಿದೆವು.

ಕೈಯಲ್ಲಿದ್ದ ಉಂಗುರ ಬಿಚ್ಚಿ ಜೇಬಿಗೆ ಹಾಕಿಕೊಂಡರು. ಹಿಡಿಗೆ ಟೇಪ್ ಸುತ್ತಿದ ಸ್ಪ್ಯಾನರ್ ತೆಗೆದು ಮೊದಲು ನೆಗೆಟಿವ್, ಆಮೇಲೆ ಪಾಸಿಟಿವ್ ಬಿಚ್ಚಿದರು. ಟರ್ಮಿನಲ್ ಮೇಲಿನ ಬಿಳಿ-ಹಸಿರು ಬೂಷ್ಟನ್ನು ಅಡುಗೆ ಸೋಡ ಕಲಸಿದ ನೀರಿನಿಂದ ತೊಳೆದರು. ಸೋಡ ನೀರು ಬ್ಯಾಟರಿ ಒಳಗೆ ಒಂದು ಹನಿಯೂ ಬೀಳಬಾರದು ಎಂದು ಮುಚ್ಚಳಗಳನ್ನು ಆಗ ತೆಗೆದಿರಲಿಲ್ಲ. ಎರಡು ಗಂಟೆ ಹಾಗೇ ಬಿಡೋಣ ಅಂದರು. ಚಾರ್ಜಿನಿಂದ ಈಗಷ್ಟೇ ಎದ್ದ ಬ್ಯಾಟರಿಗೆ ಮೀಟರ್ ಹಿಡಿದರೆ ಸುಳ್ಳು ಹೇಳುತ್ತದಂತೆ.

ಟೀ ಕುಡಿದು ಬಂದು ಮೀಟರ್ ಹಿಡಿದರು. ಒಂದು ಬ್ಯಾಟರಿ 12.5 ವೋಲ್ಟ್. ಇನ್ನೊಂದು 12.3. ವ್ಯತ್ಯಾಸ ಬರೀ 0.2. ನನಗೆ ಎರಡೂ ಚೆನ್ನಾಗಿಯೇ ಇವೆ ಅನ್ನಿಸಿತು. ಅವರು ಏನೂ ಹೇಳದೆ ಬ್ಯಾಗಿನಿಂದ ಒಂದು ಗಾಜಿನ ಕೊಳವೆ ತೆಗೆದರು. ತುದಿಯಲ್ಲಿ ರಬ್ಬರ್ ಗುಬುಟು. ಕೊಳವೆಯೊಳಗೆ ಇನ್ನೊಂದು ಸಣ್ಣ ಗಾಜಿನ ಬುರುಡೆ, ಅದರ ಕತ್ತಿನಲ್ಲಿ ಗೆರೆಗಳು.

"ಅಣ್ಣ, ಇದು ಲ್ಯಾಕ್ಟೋಮೀಟರ್!" ಅಂದುಬಿಟ್ಟೆ.

"ನಮ್ಮಲ್ಲಿ ಹೈಡ್ರೋಮೀಟರ್ ಅಂತೀವಿ. ಅಕ್ಕ-ತಂಗಿ ಅಂದ್ಕೊಳಿ" ಅಂದರು.

ಹೆಸರು ಬೇರೆ, ಕೆಲಸ ಒಂದೇ. ಗಟ್ಟಿ ದ್ರವದಲ್ಲಿ ಮೇಲೆ ತೇಲುತ್ತದೆ, ತೆಳುವಾದರೆ ಮುಳುಗುತ್ತದೆ. ನಮ್ಮ ಲ್ಯಾಕ್ಟೋಮೀಟರಿನಲ್ಲಿ 28 ಡಿಗ್ರಿ ಅಂದರೆ ಹಾಲಿನ ಸಾಂದ್ರತೆ ನೀರಿನ 1.028ರಷ್ಟು. ಅವರದರಲ್ಲಿ 1240 ಅಂದರೆ 1.240, ಅದನ್ನು ಅವರು ಗ್ರಾವಿಟಿ ಅನ್ನುತ್ತಾರೆ. ಬ್ಯಾಟರಿಯೊಳಗೆ ಇರುವುದೂ ನಾನು ಫ್ಯಾಟ್ ನೋಡಲು ಬಳಸುವ ಅದೇ ಸಲ್ಫ್ಯೂರಿಕ್ ಆಸಿಡ್. ನಮ್ಮದು ನೂರಕ್ಕೆ 90 ಪಾಲು ಗಟ್ಟಿ, ಅದರಲ್ಲಿ ಮೂರರಲ್ಲಿ ಒಂದು ಪಾಲು. ಬ್ಯಾಟರಿ ಕರೆಂಟ್ ಕೊಡುತ್ತಾ ಹೋದಂತೆ ಆಸಿಡ್ ಸೀಸದ ಪ್ಲೇಟುಗಳಿಗೆ ಅಂಟಿಕೊಂಡು, ಉಳಿದದ್ದು ನೀರಾಗುತ್ತಾ ಬರುತ್ತದೆ. ಚಾರ್ಜ್ ಮಾಡಿದರೆ ಆಸಿಡ್ ಪ್ಲೇಟು ಬಿಟ್ಟು ವಾಪಸ್ ಬರುತ್ತದೆ. ಇಷ್ಟು ಹೇಳಿದ್ದೇ ತಡ, ನನಗೆ ಎಲ್ಲಾ ತಿಳಿಯಿತು. ಹಾಲಿಗೆ ನೀರು ಬಿದ್ದಿದೆಯೋ ಇಲ್ಲವೋ ಎಂದು ಹದಿನೈದು ವರ್ಷದಿಂದ ನೋಡುತ್ತಿರುವವಳು ನಾನು.

"ನಾನು ನೋಡ್ಲಾ?" ಅಂದೆ. ಕನ್ನಡಕ, ಕೈಗವಸು ಕೊಟ್ಟರು.

ಒಂದೊಂದು ಬ್ಯಾಟರಿಯಲ್ಲಿ ಆರು ಸೆಲ್. ಮೊದಲನೇ ಬ್ಯಾಟರಿಯ ಆರೂ 1240ರ ಆಸುಪಾಸು. ಎರಡನೆಯದರಲ್ಲಿ ಮೊದಲ ಸೆಲ್ 1235. ಎರಡನೆಯದು 1230. ಮೂರನೆಯದಕ್ಕೆ ಗುಬುಟು ಒತ್ತಿ ಬಿಟ್ಟಾಗ ಬುರುಡೆ ತಳಕ್ಕೇ ಹೋಯಿತು. 1120. ಇನ್ನೊಂದು ಸಲ ತೆಗೆದೆ. ಅದೇ. ಉಳಿದ ಮೂರೂ 1235.

ಅಣ್ಣ ಒಂದು ಲೆಕ್ಕ ಹೇಳಿಕೊಟ್ಟರು. ಗ್ರಾವಿಟಿಗೆ 0.84 ಸೇರಿಸಿದರೆ ಸುಮಾರು ಆ ಸೆಲ್ಲಿನ ವೋಲ್ಟೇಜ್ ಬರುತ್ತದೆ. ಒಳ್ಳೆಯ ಸೆಲ್ 2.07. ಸತ್ತಂತಿದ್ದ ಈ ಸೆಲ್ ಕೂಡ 1.96 ತೋರಿಸುತ್ತದೆ. ಆರನ್ನೂ ಕೂಡಿಸಿದರೆ 12.3. ಅದನ್ನೇ ಮೀಟರ್ ಹೇಳಿದ್ದು. ಐದು ಜನರ ಗಟ್ಟಿ ಹಾಲಿನಲ್ಲಿ ಒಬ್ಬರ ನೀರು ಹಾಲು ಸುರಿದು, ಆಮೇಲೆ ಕ್ಯಾನಿಗೆ ಡಿಗ್ರಿ ನೋಡಿದ ಹಾಗೆ. ನಾನು ಇಷ್ಟು ವರ್ಷ ಬ್ಯಾಟರಿಯಲ್ಲಿ ನೋಡುತ್ತಿದ್ದುದು ಕ್ಯಾನಿನ ಡಿಗ್ರಿಯನ್ನೇ. ಹಸಿರು ದೀಪವೂ ಅಷ್ಟೇ. ಅದು ಒಟ್ಟು ವೋಲ್ಟೇಜ್ ಮೇಲೇರಿದ್ದನ್ನು ನೋಡಿ ಹತ್ತಿಕೊಳ್ಳುತ್ತದೆ. ಪ್ಲೇಟು ಕೆಟ್ಟ ಬ್ಯಾಟರಿಯ ವೋಲ್ಟೇಜ್ ಚಾರ್ಜ್ ಮಾಡುವಾಗ ಇನ್ನೂ ಬೇಗ ಏರುತ್ತದೆ, ದೀಪ ಇನ್ನೂ ಬೇಗ ಹಸಿರಾಗುತ್ತದೆ.

ಆಮೇಲೆ ಲೋಡ್ ಹಾಕಿದರು. ಕಾರಿನ ಎರಡು ಹೆಡ್‌ಲೈಟ್ ಬಲ್ಬುಗಳನ್ನು ಒಂದು ಹಲಗೆಗೆ ಕಟ್ಟಿಕೊಂಡು ಬಂದಿದ್ದರು. ಮೊದಲನೇ ಬ್ಯಾಟರಿಗೆ ಹಾಕಿದಾಗ 12.2ಕ್ಕೆ ಇಳಿದು ನಿಂತಿತು. ಎರಡನೆಯದು 11.9, 11.6, 11.2 ಎಂದು ಇಳಿಯುತ್ತಲೇ ಹೋಯಿತು. ಹತ್ತು ನಿಮಿಷಕ್ಕೆ 10 ವೋಲ್ಟ್. "ಒಳಗೆ ಬಗ್ಗಿ ನೋಡಿ, ದೂರದಿಂದ" ಅಂದರು. ಐದು ಸೆಲ್ ಸುಮ್ಮನಿದ್ದವು. ಮೂರನೆಯದರಲ್ಲಿ ಮಾತ್ರ ಗುಳ್ಳೆ ಏಳುತ್ತಿತ್ತು. ಸೆಲ್‌ಗಳು ಸಾಲಾಗಿ ಕೈ ಹಿಡಿದುಕೊಂಡಿರುತ್ತವೆ, ಒಂದರ ಕರೆಂಟ್ ಎಲ್ಲದರ ಮೂಲಕವೂ ಹಾಯಬೇಕು. ಖಾಲಿಯಾದ ಸೆಲ್ ಕೊಡುವ ಬದಲು ಬೇರೆಯವರದನ್ನೇ ತಿನ್ನಲು ಶುರುಮಾಡುತ್ತದೆ. ಒಂದೊಂದು ಬ್ಯಾಟರಿಗೆ ಸುಮಾರು 10.5ರ ಹತ್ತಿರ ಬಂದರೆ ಇನ್ವರ್ಟರ್ ತಾನೇ ನಿಲ್ಲಿಸಿಬಿಡುತ್ತದೆ. ನಮ್ಮ 6:22ರ ಕತೆ ಅದೇ.

"ಈ ಸೆಲ್ಲಿಗೆ ಯಾವಾಗಾದ್ರೂ ನೀರು ಜಾಸ್ತಿ ಹಾಕಿದ್ರಾ?" ಎಂದು ಕೇಳಿದರು.

ಹಾಕಿದ್ದೆ. ಮುಚ್ಚಳದ ಮೇಲಿನ ತೇಲುಕಡ್ಡಿ ಸಿಕ್ಕಿಹಾಕಿಕೊಂಡು ಮೇಲೆಯೇ ನಿಂತಿತ್ತು. ನೀರಿದೆ ಎಂದುಕೊಂಡು ತಿಂಗಳುಗಟ್ಟಲೆ ಬಿಟ್ಟಿದ್ದೆವು. ಮೇ ತಿಂಗಳಲ್ಲಿ ಏಕೋ ತೆರೆದು ನೋಡಿದರೆ ಪ್ಲೇಟು ಬರಿಗಾಳಿಗೆ ನಿಂತಿದ್ದವು. ಡಿಸ್ಟಿಲ್ಡ್ ವಾಟರ್ ತೀರಿಹೋಗಿತ್ತು. ಮನೆಯ ಫಿಲ್ಟರ್ ನೀರನ್ನೇ ಹುಯ್ದಿದ್ದೆ. ಕುಡಿಯೋಕೆ ಒಳ್ಳೇದಾದ ನೀರಿನಲ್ಲಿ ಉಪ್ಪು, ಕಬ್ಬಿಣ ಇರುತ್ತವೆ, ಅವು ಪ್ಲೇಟಿಗೆ ವಿಷ. ಅದಕ್ಕಿಂತ ಜಾಸ್ತಿ ಕೆಡಿಸಿದ್ದು ಪ್ಲೇಟು ಒಣಗಿದ್ದು. ಅಂಟಿದ ಸಲ್ಫೇಟ್ ಗಟ್ಟಿಯಾಗಿ, ಇನ್ನು ಚಾರ್ಜ್ ಮಾಡಿದರೂ ಬಿಡದ ಹಾಗಾಗಿತ್ತು. ಅದರ ಜೊತೆ ಆ ಕೋಣೆಯ ತಗಡಿನ ಮಾಡು. 27 ಡಿಗ್ರಿಯ ಮೇಲೆ 10 ಡಿಗ್ರಿ ಬಿಸಿ ಏರಿದರೆ ಬ್ಯಾಟರಿಯ ಆಯಸ್ಸು ಹೆಚ್ಚುಕಡಿಮೆ ಅರ್ಧ ಆಗುತ್ತದಂತೆ.

ಅಷ್ಟರಲ್ಲಿ ನಮ್ಮ ಸಂಘದ ನಿರ್ದೇಶಕರೊಬ್ಬರು ಬಂದರು. "ಡಿಗ್ರಿ ಕಮ್ಮಿ ಇದ್ರೆ ಒಂಚೂರು ಆಸಿಡ್ ಹುಯ್ದುಬಿಡಿ, ಸರಿಹೋಗುತ್ತೆ" ಅಂದರು. ಅಣ್ಣ ಉತ್ತರ ಕೊಡುವ ಮೊದಲೇ ನಾನು ಬೇಡ ಅಂದೆ. ನನಗೆ ಈ ಆಟ ಚೆನ್ನಾಗಿ ಗೊತ್ತು. ಹಾಲಿಗೆ ನೀರು ಬೆರೆಸಿ, ಡಿಗ್ರಿ ಏರಲಿ ಎಂದು ಸಕ್ಕರೆ ಹಾಕಿ ತಂದವರನ್ನು ನೋಡಿದ್ದೇನೆ. ಕೆನೆ ತೆಗೆದು ನೀರು ಹಾಕಿದರೂ ಲ್ಯಾಕ್ಟೋಮೀಟರ್ 28 ಎಂದೇ ಹೇಳುತ್ತದೆ. ಅದಕ್ಕೇ ಡಿಗ್ರಿ ಒಂದನ್ನೇ ನಂಬದೆ ಫ್ಯಾಟೂ ನೋಡುವುದು. ಬ್ಯಾಟರಿಗೆ ಆಸಿಡ್ ಹುಯ್ದರೆ ಹೈಡ್ರೋಮೀಟರ್ 1240 ತೋರಿಸಬಹುದು, ಪ್ಲೇಟಿನಲ್ಲಿ ಕಸುವು ಬರುವುದಿಲ್ಲ. ಹಾಗಾಗಿ ಅಲ್ಲಿಯೂ ಗ್ರಾವಿಟಿ ಒಂದೇ ಸಾಲದು, ಲೋಡ್ ಹಾಕಿ ನೋಡಬೇಕು. ಅಣ್ಣ ನನ್ನ ಮಾತು ಕೇಳಿ, "ನೀವು ನಮ್ಮ ಕೆಲಸಕ್ಕೆ ಬಂದ್ಬಿಡಿ ಅಮ್ಮ" ಅಂದರು.

ಆ ಬ್ಯಾಟರಿಯನ್ನು ಒಂದು ದಿನ ಪೂರ್ತಿ ಬೇರೆಯಾಗಿ ನಿಧಾನವಾಗಿ ಚಾರ್ಜ್ ಮಾಡಿ ನೋಡಿದರು. 1120 ಇದ್ದದ್ದು 1145 ಆಯಿತು. ಅಲ್ಲಿಗೆ ನಿಂತಿತು. ಸಂಘದ ಸಭೆಯಲ್ಲಿ ಒಂದನ್ನು ಮಾತ್ರ ಬದಲಾಯಿಸೋಣ ಎಂಬ ಮಾತು ಬಂತು. ನಾನು ಒಪ್ಪಲಿಲ್ಲ. ಐದು ವರ್ಷದ ಹಳೆಯದರ ಜೊತೆ ಹೊಸದನ್ನು ಕಟ್ಟಿದರೆ ಚಾರ್ಜ್ ಸಮ ಬೀಳುವುದಿಲ್ಲ, ಹೊಸದೂ ಬೇಗ ಹಾಳಾಗುತ್ತದೆ. ಎರಡೂ ಹೊಸದು ತಂದೆವು. ಹಳೆಯದನ್ನು ಗುಜರಿಗೆ ಕೊಡದೆ ಅಂಗಡಿಗೇ ವಾಪಸ್ ಕೊಟ್ಟೆವು. ಒಬ್ಬರು ಆಸಿಡ್ ಚರಂಡಿಗೆ ಚೆಲ್ಲಿ ಸೀಸ ಮಾತ್ರ ಮಾರೋಣ ಅಂದಿದ್ದರು. ಆ ಚರಂಡಿ ಹೋಗಿ ಸೇರುವುದು ನಮ್ಮೂರ ದನ ನೀರು ಕುಡಿಯುವ ಕಟ್ಟೆಗೆ.

ಈಗ ಡೈರಿಯಲ್ಲಿ ಒಂದು ನೋಟ್‌ಬುಕ್ ಇದೆ. ಹಾಲಿನ ಲೆಕ್ಕದ ಹಾಗೇ ಗೆರೆ ಹಾಕಿದ್ದೇನೆ, ಹನ್ನೆರಡು ಸೆಲ್ಲಿಗೆ ಹನ್ನೆರಡು ಮನೆ. ಪ್ರತಿ ತಿಂಗಳ ಮೊದಲ ಭಾನುವಾರ ಸಂಜೆ ಹಾಲು ಮುಗಿದ ಮೇಲೆ ನೋಡುತ್ತೇನೆ. ನೀರು ಕಮ್ಮಿ ಇದ್ದರೆ ಡಿಸ್ಟಿಲ್ಡ್ ವಾಟರ್ ಹಾಕುವುದು ಗ್ರಾವಿಟಿ ಬರೆದುಕೊಂಡ ಮೇಲೆ. ಮೊದಲೇ ಹಾಕಿದರೆ ಹೊಸ ನೀರು ಮೇಲೆ ನಿಂತು ಲೆಕ್ಕ ತಪ್ಪುತ್ತದೆ. ಟರ್ಮಿನಲ್‌ಗೆ ವ್ಯಾಸಲೀನ್ ಸವರುತ್ತೇನೆ. ಮಳೆಗಾಲಕ್ಕೆ ಮೊದಲು, ಮೇ ಕೊನೆಗೆ, ಬೇಕೆಂದೇ ಮೇನ್ ಸ್ವಿಚ್ ಆಫ್ ಮಾಡಿ ಒಂದು ಗಂಟೆ ಎಲ್ಲಾ ಯಂತ್ರ ಓಡಿಸುತ್ತೇನೆ. ಹದಿನೈದು ನಿಮಿಷಕ್ಕೊಮ್ಮೆ ಎರಡೂ ಬ್ಯಾಟರಿಯ ವೋಲ್ಟೇಜ್ ಬರೆಯುತ್ತೇನೆ. ಮೊದಲ ಸಲ ಹಾಗೆ ಮಾಡಿದಾಗ ಆ ಅಜ್ಜಿ ಕ್ಯಾನು ತೊಳೆಯುತ್ತಾ ನಿಂತಿದ್ದರು. "ಕರೆಂಟ್ ಐತಲ್ಲವ್ವ, ಯಾಕೆ ತೆಗ್ದೆ?" ಅಂದರು. ಮಳೆಗಾಲಕ್ಕೆ ಅಂದೆ. ಅವರಿಗೆ ಅಷ್ಟು ಸಾಕಾಯಿತು.

ಕಂಪ್ಯೂಟರ್ ಕೆಳಗಿನ ಸಣ್ಣ ಯುಪಿಎಸ್ ಬ್ಯಾಟರಿಗೆ ಮಾತ್ರ ಇದು ನಡೆಯುವುದಿಲ್ಲ. ಅದು ಸೀಲ್ ಆದದ್ದು, ಮುಚ್ಚಳ ತೆಗೆಯುವ ಹಾಗಿಲ್ಲ. ಲೋಡ್ ಹಾಕಿ ಎಷ್ಟು ನಿಮಿಷ ಬರುತ್ತದೆ ಎಂದು ಬರೆಯುತ್ತೇನೆ, ಅಷ್ಟೇ.

ಹೋದ ಭಾನುವಾರ ನೋಡಿದಾಗ ಹನ್ನೊಂದು ಸೆಲ್ 1240ರ ಮೇಲಿದ್ದವು. ಒಂಬತ್ತನೆಯದು 1225. ಅದರ ಹಿಂದಿನ ತಿಂಗಳು 1230 ಇತ್ತು. ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದ್ದೇನೆ. ಅಣ್ಣನಿಗೆ ಫೋನ್ ಮಾಡಿ ಹೇಳಿದೆ. ಆರಿದ್ರಾ ಮಳೆ ಹುಟ್ಟುವುದರೊಳಗೆ ಒಂದು ಸಲ ಬಂದು ನೋಡುತ್ತೇನೆ ಅಂದಿದ್ದಾರೆ.