ಕಡಿದ ಮರದ ಬುಡ, ಹೊಟ್ಟೆಯೊಳಗಿನ ಹುಳ

ಆಗಸ್ಟ್ 6, 2024, ಮಂಗಳವಾರ

ಬೆಳಗಿನಿಂದ ಸ್ಲೈಡ್ ನೋಡಿ ನೋಡಿ ಕಣ್ಣು ಉರಿಯುತ್ತಿದೆ. ಸಿಂಗಳೀಕಗಳ ಹಿಕ್ಕೆಯ ಮಾದರಿಗಳು. ಗಟ್ಟಿ ಉಪ್ಪುನೀರಿನಲ್ಲಿ ಕದಡಿಟ್ಟರೆ ಕಸವೆಲ್ಲ ತಳ ಸೇರುತ್ತದೆ, ಹುಳದ ಮೊಟ್ಟೆಗಳು ಹಗುರವಾಗಿ ತೇಲಿ ಮೇಲಿನ ಗಾಜಿಗೆ ಅಂಟಿಕೊಳ್ಳುತ್ತವೆ. ಹನ್ನೊಂದರ ಹೊತ್ತಿಗೆ ಒಂದು ಕಣ್ಣಿಗೆ ಬಿತ್ತು. ಜೇನುಬಣ್ಣ, ಪುಟ್ಟ ಪೀಪಾಯಿಯ ಆಕಾರ, ಎರಡೂ ತುದಿಗೆ ಬಿರಡೆ ಹಾಕಿದ ಹಾಗೆ. ಕರುಳಿನಲ್ಲಿ ಬದುಕುವ ಚಾಟಿಹುಳದ ಮೊಟ್ಟೆ. ಇಂಥ 20 ಮೊಟ್ಟೆಗಳನ್ನು ಸಾಲಾಗಿ ಇಟ್ಟರೆ ಒಂದು ಮಿಲಿಮೀಟರ್ ಆದೀತು.

ಎರಡು ಮಾದರಿಗಳನ್ನು ಬದಿಗಿಡಬೇಕಾಯಿತು. ಹಿಕ್ಕೆಯ ಜೊತೆ ಮಣ್ಣೂ ಬಂದಿತ್ತು. ಮಣ್ಣಿನಲ್ಲಿ ತಮ್ಮ ಪಾಡಿಗೆ ಬದುಕುವ ಹುಳಗಳೂ ಇರುತ್ತವಲ್ಲ, ಅವನ್ನೂ ಮಂಗದ ಲೆಕ್ಕಕ್ಕೆ ಸೇರಿಸಿಬಿಟ್ಟರೆ ಗತಿ?

ಹುಳ ಇದ್ದ ಮಾತ್ರಕ್ಕೆ ನಾನು ಹೆದರುವುದಿಲ್ಲ. ಕಾಡಿನ ಮಂಗಕ್ಕೂ ಜಂತುಹುಳಕ್ಕೂ ತಲೆತಲಾಂತರದ ಸಹವಾಸ. ಈ ಮೊಟ್ಟೆ ನೆಲಕ್ಕೆ ಬಿದ್ದು, ತೇವದ ಮಣ್ಣಿನಲ್ಲಿ ಕೆಲವು ವಾರ ಮಾಗಿದ ಮೇಲೇ ಇನ್ನೊಂದು ಹೊಟ್ಟೆ ಸೇರಲು ತಯಾರಾಗುತ್ತದೆ. ಮರದಿಂದ ಮರಕ್ಕೆ ಮೇಲೇ ಸಾಗುವ ಪ್ರಾಣಿ ಅಷ್ಟರಲ್ಲಿ ಬೇರೆಲ್ಲೋ ಇರುತ್ತದೆ. ನಡುವಿನ ಮರ ಕಡಿದರೆ ಅದು ಕೆಳಗಿಳಿಯಲೇಬೇಕು. ತುಂಡು ಕಾಡಿನಲ್ಲಿ ಅದೇ ಗುಂಪು, ಅದೇ ನಾಲ್ಕು ಮರ, ಮಾಗಿದ ಮೊಟ್ಟೆಗಳಿರುವ ಅದೇ ನೆಲ.

ಉಗಾಂಡದ ಕಿಬಾಲೆ ಕಾಡಿನ ಅಕ್ಕಪಕ್ಕದ ತುಂಡುಗಳಲ್ಲಿ ಕೆಂಪು ಕೊಲೊಬಸ್ ಮಂಗಗಳನ್ನು ನೋಡಿದ ಸಂಶೋಧಕರಾದ ಗಿಲೆಸ್ಪಿ ಮತ್ತು ಚಾಪ್‌ಮನ್ 2006ರಲ್ಲಿ ಬರೆದದ್ದು ನನ್ನ ತಲೆಯಿಂದ ಹೋಗಿಯೇ ಇಲ್ಲ: ಕಡಿದ ಮರದ ಬುಡಗಳು ಹೆಚ್ಚಿದ್ದಲ್ಲಿ ಮಂಗಗಳಿಗೆ ಹುಳದ ಸೋಂಕೂ ಹೆಚ್ಚು. ತಮಿಳುನಾಡಿನ ಆನೆಮಲೆಯ ತುಂಡು ಕಾಡುಗಳ ಸಿಂಗಳೀಕಗಳ ಬಗ್ಗೆ 2013ರಲ್ಲಿ ಬಂದ ಅಧ್ಯಯನವೂ ಹಾಗೇ ಹೇಳಿತು, ಜನವಸತಿ ಹತ್ತಿರವಿದ್ದ ಗುಂಪುಗಳಲ್ಲಿ ಪರಾವಲಂಬಿಗಳ ಹಾವಳಿ ಜಾಸ್ತಿ.

ಚಾಟಿಹುಳ ಸಾಮಾನ್ಯವಾಗಿ ಮಂಗವನ್ನು ಕೊಲ್ಲುವುದಿಲ್ಲ. ಹಾಗೆಂದು ಸುಮ್ಮನೆಯೂ ಬಿಡುವುದಿಲ್ಲ. ಕಿಬಾಲೆಯಲ್ಲೇ ಕಂಡಂತೆ, ಸೋಂಕು ತಗುಲಿದ ಕೊಲೊಬಸ್‌ಗಳು ಹೆಚ್ಚು ಹೊತ್ತು ಸುಮ್ಮನೆ ಕೂರುತ್ತಿದ್ದವು, ಮರದ ತೊಗಟೆಯನ್ನು ಹೆಚ್ಚು ತಿನ್ನುತ್ತಿದ್ದವು. ಔಷಧಿಯ ಗುಣವಿರುವ ತೊಗಟೆಗಳೂ ಅದರಲ್ಲಿದ್ದವು. ಹೊಟ್ಟೆ ಸರಿಯಿಲ್ಲದ ಜೀವವೊಂದು ಕೊಂಬೆಯ ಮೇಲೆ ಕೂತು ತೊಗಟೆ ಕಚ್ಚುವುದನ್ನು ನೆನೆದರೆ ಕರುಳು ಚುರ್ ಎನ್ನುತ್ತದೆ.

ಮಧ್ಯಾಹ್ನ ಗೆಳತಿಯೊಬ್ಬಳು ಕೇಳಿದಳು, "ಹಣ್ಣಿನೊಳಗೆ ಜಂತಿನ ಮಾತ್ರೆ ಇಟ್ಟು ಕೊಟ್ಟುಬಿಟ್ಟರಾಗಲ್ವೇನೇ?" ಅವಳ ಕಾಳಜಿ ನಿಜವಾದದ್ದೇ. ಆದರೆ ಹೊಟ್ಟೆಯ ಹುಳ ಹೋದರೂ ಮಣ್ಣಿನ ಮೊಟ್ಟೆ ಅಲ್ಲೇ ಇರುತ್ತದೆ, ತಿಂಗಳುಗಟ್ಟಲೆ. ಮೇಲಾಗಿ, ಹಣ್ಣು ಕೊಡುವ ಕೈಯನ್ನು ನಂಬಿ ಮಂಗ ಇನ್ನಷ್ಟು ನೆಲಕ್ಕಿಳಿಯುತ್ತದೆ. ನನ್ನ ಕೇಳಿದರೆ ಮದ್ದು ಬೇಕಾದದ್ದು ಕಾಡಿಗೆ. ಆನೆಮಲೆಯ ವಾಲ್ಪಾರೈಯಲ್ಲಿ ಸಿಂಗಳೀಕಗಳಿಗೆಂದು ರಸ್ತೆಯ ಮೇಲೆ ಮರದಿಂದ ಮರಕ್ಕೆ ಸೇತುವೆ ಕಟ್ಟಿದ್ದಾರೆ. ಗಾಡಿಗೆ ಸಿಕ್ಕಿ ಸಾಯದಿರಲಿ ಎಂದು ಕಟ್ಟಿದ್ದು ಅದು, ಆದರೂ ನೆಲ ಮುಟ್ಟದ ಪ್ರತಿ ದಾಟುವಿಕೆ ಈ ಲೆಕ್ಕಕ್ಕೂ ಬರುತ್ತದೆ ಎಂದೇ ನನ್ನ ನಂಬಿಕೆ.

ಇನ್ನೂ ಆರು ಬಾಟಲಿ ಉಳಿದಿವೆ. ಒಂದರ ಚೀಟಿಯ ಮೇಲೆ ಪೆನ್ಸಿಲಿನಲ್ಲಿ "ತಾಯಿ, ಎದೆಗೆ ಮರಿ" ಎಂದಿದೆ. ಅದನ್ನು ನಾಳೆ ಬೆಳಿಗ್ಗೆ, ಕಣ್ಣು ದಣಿಯುವ ಮೊದಲು ನೋಡಬೇಕು.