ಸೋಮವಾರ ಉತ್ತರ ಕೊಡಬೇಕು

ಆಫರ್ ಲೆಟರ್ ಬಂದು ಮೂರು ದಿನ ಆಯ್ತು, ಇನ್ನೂ ಉತ್ತರ ಬರೆದಿಲ್ಲ. ಸಂಬಳ ಈಗಿನದರ ಒಂದೂವರೆ ಪಟ್ಟು. ಬೆಂಗಳೂರಿನ ವೈಟ್‌ಫೀಲ್ಡಲ್ಲಿ ಹೊಸ ತಂಡ ಕಟ್ಟಬೇಕು. ಇದುವರೆಗೆ ಮಾಡದ ಕೆಲಸ.

ಇಲ್ಲಿ ಮೈಸೂರಲ್ಲಿ ಆಫೀಸಿಂದ ಮನೆಗೆ ಬೈಕಲ್ಲಿ ಹತ್ತು ನಿಮಿಷ. ಮಧ್ಯಾಹ್ನದ ಊಟಕ್ಕೂ ಮನೆಗೇ ಬರ್ತೀನಿ. ನಿನ್ನೆ ಬಸ್ಸಾರು ಬಡಿಸ್ತಾ ಅಮ್ಮ, "ಹೋಗಪ್ಪ, ನಮ್ಮನ್ನ ನೋಡ್ಕೊಂಡು ಇಲ್ಲೇ ಕೂತ್ಕೋಬೇಡ" ಅಂದ್ರು. ಅಂದವರೇ ಸೌಟು ಹಿಡ್ಕೊಂಡು ಸುಮ್ನೆ ನಿಂತುಬಿಟ್ರು. ಅನ್ನ ಗಂಟಲಲ್ಲಿ ಇಳೀಲಿಲ್ಲ.

ಲೆಕ್ಕಾನೂ ಹಾಕಿದೆ. ಇಲ್ಲಿ ಐದು ವರ್ಷ ತುಂಬಿದೆ, ಗ್ರಾಚ್ಯುಟಿ ಸಿಗುತ್ತೆ. ಪಿಎಫ್ ಅದೇ ಯುಎಎನ್‌ನಲ್ಲಿ, ಅಂದ್ರೆ ಕೆಲಸ ಬದಲಾದ್ರೂ ಬದಲಾಗದ ಪಿಎಫ್ ನಂಬರಲ್ಲಿ, ಮುಂದುವರಿಯುತ್ತೆ. ಅಲ್ಲಿನ ಬಾಡಿಗೆ ಕಳೆದ್ರೂ ಕೈಯಲ್ಲಿ ಉಳಿಯೋದು ಜಾಸ್ತಿನೇ.

ಆದ್ರೆ ನನ್ನನ್ನ ಕಾಡ್ತಿರೋದು ದುಡ್ಡಲ್ಲ. ಎರಡು ವರ್ಷದಿಂದ ಹೊಸದೇನೂ ಕಲಿತಿಲ್ಲ. ಬೆಳಗ್ಗೆ ಲಾಗಿನ್ ಆಗೋ ಮುಂಚೆನೇ ಸಂಜೆವರೆಗೆ ಏನೇನಿದೆ ಅಂತ ಗೊತ್ತಿರುತ್ತೆ. 34ನೇ ವಯಸ್ಸಿಗೆ ಇದು ನೆಮ್ಮದಿಯಾ, ಇಲ್ಲಾ ಜಡ ಹಿಡಿದಿರೋದಾ? ಈ ಪ್ರಶ್ನೆ ರಾತ್ರಿ ನಿದ್ದೆ ಬಿಡಿಸ್ತಿದೆ.

ನಾಳೆ ಭಾನುವಾರ. ಬೆಳಗ್ಗೆನೇ ಅಪ್ಪನ ಜೊತೆ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತೋಕೆ ಹೋಗ್ತೀನಿ. ನಂದಿ ಹತ್ರ ದಣಿವಾರಿಸಿಕೊಳ್ಳೋಕೆ ಕೂತಾಗ ಕೇಳ್ಬೇಕು. ಮನೇಲಿ ಅವರು ಬಾಯಿ ಬಿಡಲ್ಲ, ಅಲ್ಲಿ ಮಾತಾಡ್ತಾರೆ.