ಮಂಗ ಸತ್ತ ಸುದ್ದಿ

5 ಡಿಸೆಂಬರ್ 2021, ಭಾನುವಾರ
ಕೊಪ್ಪ, ಚಿಕ್ಕಮಗಳೂರು ಜಿಲ್ಲೆ

ಬೆಳಿಗ್ಗೆ ಮತ್ತೆ ಮೋಡ. ನವೆಂಬರ್ ಮಳೆಗೆ ಅರೇಬಿಕಾ ಕಾಫಿ ಹಣ್ಣು ಎಷ್ಟೋ ಉದುರಿ ಗಿಡದ ಬುಡ ಸೇರಿದೆ. ಉಳಿದದ್ದನ್ನಾದರೂ ಬೇಗ ಕುಯ್ಯಿಸಬೇಕು ಎಂದುಕೊಳ್ಳುತ್ತಿದ್ದೆ. ಅಷ್ಟರಲ್ಲಿ ಮೇಸ್ತ್ರಿ ಬಂದ. "ಅಮ್ಮೋರೇ, ಲೈನ್ ಮನೆಯ ಅಸ್ಸಾಂ ಹುಡುಗಿಗೆ ಮೂರು ದಿನದಿಂದ ಜ್ವರ. ಯಾರಿಗೂ ಹೇಳಿಲ್ಲ" ಎಂದ.

ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಅವನು ತಲೆ ತಗ್ಗಿಸಿದ. "ಅಂಗಡಿ ಹತ್ರ ಎಲ್ಲರೂ ಮಾತಾಡ್ತಿದ್ರಲ್ಲ, ಅದಕ್ಕೆ."

ಆ ಮಾತು ನಾನೂ ಕೇಳಿದ್ದೆ. ಗುರುವಾರ ಬೆಂಗಳೂರಿನಲ್ಲಿ ಇಬ್ಬರಿಗೆ ಕೊರೊನಾದ ಹೊಸ ರೂಪ ಓಮಿಕ್ರಾನ್ ಎಂದು ಟಿವಿಯಲ್ಲಿ ಬಂತು. ದೇಶಕ್ಕೇ ಮೊದಲು. ಅವತ್ತಿನಿಂದ ಊರಲ್ಲಿ ಒಂದೇ ಪ್ರಶ್ನೆ, ಇದು ಹುಟ್ಟಿದ್ದು ಎಲ್ಲಿ? ಒಬ್ಬರು ಆಫ್ರಿಕಾ ಎಂದರು. ಒಬ್ಬರು ಲ್ಯಾಬಿನಲ್ಲಿ ಮಾಡಿ ಬಿಟ್ಟಿದ್ದಾರೆ ಎಂದರು. ಕೊನೆಗೆ ಮಾತು ಬಂದು ನಿಂತದ್ದು ನಮ್ಮ ತೋಟಗಳ ಕೂಲಿಯವರ ಲೈನ್ ಮನೆಗಳ ಮುಂದೆ: "ಹೊರಗಿನಿಂದ ಬಂದವರೇ ತರೋದು." ಬೆಂಗಳೂರಿನ ಆ ಇಬ್ಬರಲ್ಲಿ ಒಬ್ಬರು ಡಾಕ್ಟರು, ವಿದೇಶಕ್ಕೆ ಹೋದವರೇ ಅಲ್ಲ. ಆ ಸುದ್ದಿ ಮಾತ್ರ ಯಾರ ಕಿವಿಗೂ ಬಿದ್ದಂತಿಲ್ಲ.

ಎಲ್ಲಿಂದ ಬಂತು ಎಂದು ಕೇಳುವುದು ತಪ್ಪಲ್ಲ. ವಿಜ್ಞಾನಿಗಳೂ ಅದನ್ನೇ ಕೇಳುತ್ತಿದ್ದಾರೆ. ವೈರಸ್ ತನ್ನ ನಕಲು ಮಾಡಿಕೊಳ್ಳುವಾಗ ಅಲ್ಲೊಂದು ಇಲ್ಲೊಂದು ತಪ್ಪು ಆಗುತ್ತಲೇ ಇರುತ್ತದೆ. ಆದರೆ ಓಮಿಕ್ರಾನಿನ ಮೈಮೇಲಿನ ಮುಳ್ಳಿನಲ್ಲಿ, ಅಂದರೆ ಅದು ನಮ್ಮ ಜೀವಕೋಶಕ್ಕೆ ಅಂಟಿಕೊಳ್ಳುವ ಭಾಗದಲ್ಲಿ, 30ಕ್ಕಿಂತ ಜಾಸ್ತಿ ಬದಲಾವಣೆ. ಅದೂ ಇದಕ್ಕೆ ಮೊದಲು ಹರಡಿದ್ದ ಡೆಲ್ಟಾ ರೂಪದಿಂದ ಕವಲೊಡೆದದ್ದಲ್ಲ. ಅದರ ಹತ್ತಿರದ ನೆಂಟರು 2020ರ ನಡುವಿನಷ್ಟು ಹಿಂದೆ ಸಿಗುತ್ತಾರೆ. ಹಾಗಾದರೆ ಒಂದು ವರ್ಷಕ್ಕಿಂತ ಹೆಚ್ಚು ಇದು ಎಲ್ಲಿತ್ತು? ಮೈಯಲ್ಲಿ ರೋಗ ತಡೆಯುವ ಶಕ್ತಿ ಕುಗ್ಗಿದ ಒಬ್ಬರೊಳಗೇ ತಿಂಗಳುಗಟ್ಟಲೆ ಉಳಿದು ಬದಲಾಗಿರಬಹುದು. ಪರೀಕ್ಷೆಯೇ ನಡೆಯದ ಕಡೆ ಸದ್ದಿಲ್ಲದೆ ಹರಡುತ್ತಿದ್ದಿರಬಹುದು. ಇಲಿಯಂಥ ಪ್ರಾಣಿಗೆ ಹೋಗಿ ಮತ್ತೆ ಮನುಷ್ಯನಿಗೆ ಬಂದಿರಬಹುದು. ಮೂರೂ ಊಹೆಗಳೇ. ನನಗೆ ಮೊದಲನೆಯದು ಹೆಚ್ಚು ಸರಿ ಅನ್ನಿಸುತ್ತದೆ.

ದಕ್ಷಿಣ ಆಫ್ರಿಕಾದವರು ಮಾಡಿದ್ದು ಇಷ್ಟೇ: ಹುಡುಕಿದರು, ಸಿಕ್ಕ ಕೂಡಲೇ, ನವೆಂಬರ್ 24ಕ್ಕೆ, ವಿಶ್ವ ಆರೋಗ್ಯ ಸಂಸ್ಥೆಗೆ ತಿಳಿಸಿದರು. ಎರಡೇ ದಿನಕ್ಕೆ ಅವರ ವಿಮಾನಗಳಿಗೆ ದೇಶಗಳು ಬಾಗಿಲು ಹಾಕತೊಡಗಿದವು. ಆಮೇಲೆ ನೆದರ್‌ಲ್ಯಾಂಡ್ಸ್‌ನಲ್ಲಿ ಹಳೆಯ ಮಾದರಿಗಳನ್ನು ನೋಡಿದರೆ, ನವೆಂಬರ್ 19ರದ್ದರಲ್ಲೇ ಓಮಿಕ್ರಾನ್ ಇತ್ತು! ಈ ವರ್ಷವೇ ಡೆಲ್ಟಾವನ್ನು 'ಇಂಡಿಯನ್ ವೇರಿಯಂಟ್' ಎಂದು ಜಗತ್ತು ಕರೆದಾಗ ನಮಗೆಷ್ಟು ನೋವಾಗಿತ್ತು, ಅಲ್ವಾ? ದೇಶದ ಹೆಸರು ಅಂಟದಿರಲಿ ಎಂದೇ ಮೇ 31ರಂದು ಗ್ರೀಕ್ ಅಕ್ಷರಗಳ ಹೆಸರಿಟ್ಟರು.

ಹೆಸರು ಅಂಟುವುದು ಮಲೆನಾಡಿನ ನಮಗೆ ಹೊಸದಲ್ಲ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಸುತ್ತಲಿನ ಹಳ್ಳಿಗಳ ಜನರಿಗೂ ಜ್ವರ. ಮೊದಲು ಹಳದಿ ಜ್ವರವಿರಬಹುದೇ ಎಂದು ಅನುಮಾನಿಸಿದರು. ವೈರಸ್ ಸಿಕ್ಕ ಮೇಲೆ ಅದು ರಷ್ಯಾದ ಒಂದು ಜ್ವರದ ವೈರಸ್ಸನ್ನು ಹೋಲುತ್ತಿತ್ತು. ವಲಸೆ ಹಕ್ಕಿಗಳ ಮೈಮೇಲಿನ ಉಣುಗು ತಂದಿತೇ ಎಂದು ಹಕ್ಕಿಗಳನ್ನು ಹಿಡಿದು ನೋಡಿದರು. ಹಕ್ಕಿ ತಂದದ್ದು ಎನ್ನುವುದಕ್ಕೆ ಸಾಕ್ಷಿ ಸಿಗಲಿಲ್ಲ. ಆ ಊರಿನ ಹೆಸರು ಮಾತ್ರ ಕಾಯಿಲೆಗೆ ಉಳಿದೇ ಹೋಯಿತು.

ನಾವು ಮಂಗನ ಕಾಯಿಲೆ ಎನ್ನುತ್ತೇವೆ. ಮಂಗದಿಂದ ಉಣುಗುಗಳಿಗೆ ವೈರಸ್ ಹತ್ತುತ್ತದೆ, ನಿಜ. ಆದರೆ ನಮ್ಮನ್ನು ಕಚ್ಚುವುದು ಉಣುಗು. ಮಂಗ ನಮಗಿಂತ ಮೊದಲು ಸಾಯುತ್ತದೆ, ಅಷ್ಟೇ. ನನ್ನ ಅಜ್ಜಿ ಕಾಡಿನಲ್ಲಿ ಸತ್ತ ಮಂಗ ಕಂಡರೆ ಆ ದಿನವೇ ಹೇಳಿ ಕಳಿಸುತ್ತಿದ್ದರು. ಈಗಲೂ ಆ ಸುದ್ದಿ ಆರೋಗ್ಯ ಇಲಾಖೆಗೆ ಮುಟ್ಟಿದರೇ ಮುಂದಿನ ಕೆಲಸ. ಮೈಗೆ ಉಣುಗು ಹತ್ತದ ಎಣ್ಣೆ ಹಚ್ಚಿಕೊಳ್ಳದೆ ಆ ಕಡೆ ಸೊಪ್ಪಿಗೆ ಹೋಗಬೇಡಿ ಎನ್ನುತ್ತಾರೆ. ಆ ಸುದ್ದಿಯನ್ನೇ ಮುಚ್ಚಿಟ್ಟರೆ ಜ್ವರ ನೇರವಾಗಿ ಅಂಗಳಕ್ಕೇ ಬರುತ್ತದೆ. ದಕ್ಷಿಣ ಆಫ್ರಿಕಾ ಹೇಳಿ ಕಳಿಸಿತ್ತು. ನಮ್ಮ ಲೈನ್ ಮನೆಯ ಹುಡುಗಿ ಹೇಳಲು ಹೆದರಿದಳು. ಹೆದರಿಸಿದ ಮಾತು ನಡೆಯುವಾಗ ನಾನೂ ಅಂಗಡಿಯಲ್ಲಿದ್ದೆ. ಸುಮ್ನೆ ಸಕ್ಕರೆ ತಗೊಂಡು ಬಂದೆ. ಅದು ಬೆಳಗಿನಿಂದ ಚುಚ್ಚುತ್ತಿದೆ.

ಹತ್ತು ಗಂಟೆಗೆ ಲೈನ್ ಮನೆಗೆ ಹೋದೆ. ಕಂಬಳಿ ಹೊದ್ದು ಮಲಗಿದ್ದಳು. ನನ್ನನ್ನು ಕಂಡು ಎದ್ದು ಕೂತು, "ನಾನು ತಂದಿಲ್ಲ ದೀದಿ" ಎಂದಳು. ಮೊದಲ ಮಾತೇ ಅದು. ಅವಳು ಊರು ಬಿಟ್ಟು ಬಂದು ಎಂಟು ತಿಂಗಳಾಯಿತು. ಪೇಟೆಗೂ ಹೋದವಳಲ್ಲ.

ಆಶಾ ಕಾರ್ಯಕರ್ತೆಗೆ ಫೋನ್ ಮಾಡಿ, ಜೀಪಿನಲ್ಲಿ ಕರೆದುಕೊಂಡು ಹೋಗಿ ಗಂಟಲು ದ್ರವ ಕೊಡಿಸಿದೆವು. ಕಾಡಂಚಿನಲ್ಲಿ ಸೌದೆ ತರುತ್ತಾಳೆ ಎಂದು ಹೇಳಿದ್ದಕ್ಕೆ ರಕ್ತವನ್ನೂ ತೆಗೆದುಕೊಂಡರು. ರಿಪೋರ್ಟ್ ಬರಲು ಎರಡು ದಿನ ಬೇಕಂತೆ. ಅಲ್ಲಿಯವರೆಗೆ ಅವಳ ಕೂಲಿ ಕಡಿಯುವುದಿಲ್ಲ ಎಂದು ಮೇಸ್ತ್ರಿಗೆ ಎಲ್ಲರ ಎದುರೇ ಹೇಳಿದೆ.

ಸಂಜೆ ಗಂಜಿ ಕೊಟ್ಟು ಬರುವಾಗ ಪಕ್ಕದ ಮನೆಯ ಹುಡುಗ ಹಿಂದೆಯೇ ಬಂದ. ತನಗೂ ನಿನ್ನೆಯಿಂದ ಮೈಕೈ ನೋವು ಎಂದ.